ಮಾವನ ಅಂಗಾಲಿನಲ್ಲೊಂದು ತೋಟ

ನಮ್ಮ ಸೋದರಮಾವನಿಗೆ ಇಡೀ ತುರುವೇಕೆರೆ ತಾಲ್ಲೂಕಿನ ರುಚಿ ಗೊತ್ತಿತ್ತು. ತಾಲ್ಲೂಕಿನ ಅಡುಗೆಯ ರುಚಿ ಎಂದು ಯಾರಾದರೂ ಓದಿಕೊಂಡಿದ್ದರೆ ದಯವಿಟ್ಟು ಇನ್ನೊಮ್ಮೆ ಓದಬೇಕು. ತಾಲ್ಲೂಕಿನ ರುಚಿ! ಅದರ ಮಣ್ಣನ್ನು ಅವರು ಚಿಟಿಕೆ ಚಿಟಿಕೆಯಾಗಿ ನಾಲಗೆಯ ಮೇಲಿಟ್ಟು ನೋಡಿದ್ದರು. ದಬ್ಬೇಘಟ್ಟದ ಮಣ್ಣು ಸ್ವಲ್ಪ ಒಗರು. ನೊಣವಿನಕೆರೆ ಕಡೆಯದು ಸಪ್ಪೆಯಾದರೂ ಸಾಧು ಸ್ವಭಾವದ್ದು. ತಾಲ್ಲೂಕಿನ ಗಡಿ ದಾಟಿ ಚಿಕ್ಕನಾಯಕನಹಳ್ಳಿಯ ಗುಡ್ಡಗಳ ಬುಡಕ್ಕೆ ಹೋದರೆ ತುಕ್ಕು ಹಿಡಿದ ಬೀಗವನ್ನು ನೆಕ್ಕಿದ ಹಾಗೆ.

"ಬೀಗ ಯಾವಾಗ ನೆಕ್ಕಿದ್ದಿರಿ ಮಾವ?" ಎಂದು ನಾನು ಕೇಳಿದ್ದೆ.

"ಹೋಲಿಸಾಕೆ ಬೇಕಲ್ಲಮ್ಮಿ, ಅದಕ್ಕೇ ನೆಕ್ದೆ."

ಮುಂದೆ ಹೋಗುವ ಮೊದಲು ಒಂದು ತಪ್ಪೊಪ್ಪಿಗೆ. ನಾನು ಹದಿನೇಳನೆಯ ವಯಸ್ಸಿನಿಂದ ಡೈರಿ ಬರೆಯುತ್ತಿದ್ದೇನೆ. ಶ್ರದ್ಧೆಯಿಂದಲ್ಲ, ಅಪನಂಬಿಕೆಯಿಂದ. ನನ್ನ ನೆನಪು ನಮ್ಮತ್ತೆಯ ಹುಳಿಸಾರಿನಂಥದ್ದು. ಪ್ರತಿಸಲ ಬಿಸಿ ಮಾಡಿದಾಗಲೂ ರುಚಿ ಏರುತ್ತದೆ, ಮೊದಲು ಅದಕ್ಕೆ ಏನೇನು ಹಾಕಿದ್ದೆವು ಎಂಬುದು ಮಾತ್ರ ತಿಳಿಯುವುದಿಲ್ಲ. ಆದ್ದರಿಂದ ಎಲ್ಲಿ ನನ್ನ ನೆನಪಿಗೂ ಡೈರಿಗೂ ಜಗಳವಾಗಿದೆಯೋ ಅಲ್ಲಿ ಅದನ್ನು ಹೇಳಿಬಿಡುತ್ತೇನೆ.

ಮೊದಲಿಗೆ ಅಕ್ಕನಿಗೆ ಗಂಡು ನೋಡಲು ಕೆಂಕೆರೆಗೆ ಹೋದ ಪ್ರಸಂಗ. ಇದು ಡೈರಿಗಿಂತ ಹಿಂದಿನದು, ಹಾಗಾಗಿ ಜಾಮೀನಿಲ್ಲ. ಗಂಡಿನ ಮನೆಯವರು ಜಮಖಾನ ಹಾಸಿ, ಉಪ್ಪಿಟ್ಟು ತಂದಿಟ್ಟು, ಹುಡುಗನನ್ನು ಇಸ್ತ್ರಿ ಅಂಗಿಯಲ್ಲಿ ಕೂರಿಸಿದರು. ನೋಡಿದರೆ ಮಾವನೇ ಇಲ್ಲ! ಅವರು ಹಿತ್ತಲಿನಲ್ಲಿ ತೆಂಗಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಮಣ್ಣು ಕೆದಕಿ ಮೂಸುತ್ತಿದ್ದರಂತೆ. ಕೈ ಝಾಡಿಸಿಕೊಂಡು ಒಳಗೆ ಬಂದವರೇ ಎಲ್ಲರೆದುರಿಗೆ "ಕೊಡಬೋದು" ಎಂದರು.

ಅಮ್ಮನಿಗೆ ನಾಚಿಕೆಯಾಯಿತು. "ಅಲ್ಲಾ ಕಣಣ್ಣ, ಹುಡುಗನ್ನ ಒಂದು ಮಾತು ಕೇಳೋದು ಬ್ಯಾಡ್ವಾ?"

"ಹುಡುಗ ಇವತ್ತೊಂದು ಹೇಳ್ತಾನೆ, ನಾಳಿಕ್ಕೊಂದು ಹೇಳ್ತಾನೆ. ಮಣ್ಣು ಹಂಗಲ್ಲ. ವರ್ಷಾವರ್ಷ ತಪ್ಪದೆ ಗೊಬ್ಬರ ಕೊಟ್ಟವ್ರೆ. ಮರಕ್ಕೇ ಹೊಟ್ಟೆ ತುಂಬ ಹಾಕೋರು ಹೆಣ್ಣಿಗೆ ಹಾಕಲ್ವಾ?"

ಅಕ್ಕ ಇವತ್ತಿಗೂ ಆ ಮನೆಯಲ್ಲಿ ಸುಖವಾಗಿದ್ದಾಳೆ. ತನ್ನನ್ನು ಆ ದಿನ ಯಾರೂ ಸರಿಯಾಗಿ ನೋಡಲೇ ಇಲ್ಲವೆಂಬ ಕೊರಗು ಭಾವನಿಗೆ ಮಾತ್ರ ಇನ್ನೂ ಹೋಗಿಲ್ಲ!

ನಮ್ಮ ಕಡೆ ಬೇಸಿಗೆಯಲ್ಲಿ ಕೆರೆ ಬತ್ತಿತೆಂದರೆ ಎತ್ತಿನ ಗಾಡಿಗಳು ಕೆರೆಯಂಗಳಕ್ಕೆ ಇಳಿಯುತ್ತವೆ. ತಳದ ಹೂಳನ್ನು, ಅಂದರೆ ಕೆರೆಗೋಡನ್ನು, ಅಗೆದು ತೋಟಕ್ಕೆ ಹೊಡೆಯುತ್ತಾರೆ. ಆದರೆ ಕೆರೆಯ ತಳವೆಲ್ಲ ಒಂದೇ ಅಲ್ಲ. ಒಂದು ಕಡೆ ಜೇಡಿ, ಒಂದು ಕಡೆ ಚೌಳು, ಒಂದು ಕಡೆ ಬಂಗಾರ. ಎಲ್ಲಿ ಅಗೆಯಬೇಕೆಂದು ಹೇಳುವುದು ನಮ್ಮ ಮಾವನ ಪಾಲಿಗೆ ಬಂದಿತ್ತು. ಮೂರೂರಿನ ಗಾಡಿಗಳು ದಂಡೆಯ ಮೇಲೆ ಸಾಲುಗಟ್ಟಿ ನಿಂತಿರುತ್ತಿದ್ದವು. ಇವರು ಪಂಚೆ ಎತ್ತಿ ಕಟ್ಟಿ, ಬರಿಗಾಲಿನಲ್ಲಿ, ಯಾರೊಂದಿಗೂ ಮಾತಾಡದೆ ಒಣಗಿದ ಕೆರೆಯೊಳಗೆ ನಡೆಯುತ್ತಿದ್ದರು. ನಡೆಯುತ್ತ ನಡೆಯುತ್ತ ಒಂದು ಕಡೆ ಹೆಬ್ಬೆರಳು ಊರಿ ನಿಂತುಬಿಡುತ್ತಿದ್ದರು. ಬಗ್ಗಿ ಒಂದು ಹೆಂಟೆ ಒಡೆದು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರೆಂದರೆ ಎತ್ತುಗಳ ಗಂಟೆ ಕೂಡ ನಿಂತಂತೆ ನನಗೆ ನೆನಪು. ನಿಂತಿರಲಾರವು, ಎತ್ತುಗಳಿಗೇನು ಗೊತ್ತು! ಆದರೂ ಹಾಗೆ ನೆನಪು.

ಒಮ್ಮೆ ಪಕ್ಕದ ತೋಟದ ಯಜಮಾನರೊಬ್ಬರು ಇವರ ಪರೀಕ್ಷೆ ಮಾಡೋಣವೆಂದು ಟವೆಲ್ಲಿನಲ್ಲಿ ಒಂದು ಹಿಡಿ ಮಣ್ಣು ಕಟ್ಟಿಕೊಂಡು ಬಂದರು. "ಇದು ಕೆರೇಲಿ ಯಾವ ಕಡೇದು ಹೇಳು ನೋಡಾನ" ಎಂದರು.

ಮಾವ ಮೂಸಿದರು. ಇನ್ನೊಮ್ಮೆ ಮೂಸಿದರು. "ಇದು ಕೆರೇದಲ್ಲ. ನಿಮ್ಮ ಬಚ್ಚಲ ಹಿಂದಲದು. ಸೀಗೇಕಾಯಿ ನೀರು ಹೋಗಿ ಹೋಗಿ ಮಣ್ಣು ಕೆಟ್ಟೈತೆ. ಅಲ್ಲಿರೋ ಕರಿಬೇವಿನ ಗಿಡ ಸಾಯ್ತಾ ಐತಲ್ವಾ?"

ಯಜಮಾನರು ಟವೆಲ್ ಕೊಡವಿಕೊಂಡು ಹೋದರು. ಕರಿಬೇವಿನ ಗಿಡ ಸಾಯುತ್ತಿದ್ದುದು ಅವರ ಹೆಂಡತಿಗೆ ಮಾತ್ರ ಗೊತ್ತಿತ್ತಂತೆ!

ಅತ್ತೆಗೆ ಇದೆಲ್ಲ ಹೊಟ್ಟೆಕಿಚ್ಚಿನ ವಿಷಯ. "ನಾನು ಈ ಮನೆಗೆ ಬಂದು ಮೂವತ್ತು ವರ್ಷ ಆಯ್ತು ಕಣೇ. ಒಂದು ದಿವ್ಸ ನನ್ನ ಸಾರು ಮೂಸಿ ಆಹಾ ಅಂದಿಲ್ಲ. ಆ ಮಣ್ಣು ಮೂಸಿ ಮೂರು ಸಲ ಆಹಾ ಅಂತಾರೆ" ಎನ್ನುತ್ತಿದ್ದರು. ಅವರು ತಿಪಟೂರಿನಿಂದ ಒಂದು ಜೊತೆ ಚಪ್ಪಲಿ ತಂದುಕೊಟ್ಟಿದ್ದರು. ಮಾವ ಅದನ್ನು ಬಹಳ ಗೌರವದಿಂದ ನಡೆಸಿಕೊಂಡರು. ಊರ ಬಾಗಿಲವರೆಗೆ ಕಾಲಲ್ಲಿ, ತೋಟದ ಬೇಲಿ ದಾಟುವವರೆಗೆ ಕೈಯಲ್ಲಿ, ಆಮೇಲೆ ಸಂಜೆವರೆಗೆ ಒಂದು ಮರದ ಕೊಂಬೆಯ ಮೇಲೆ!

"ಚಪ್ಪಲಿ ಹಾಕ್ಕಂಡ್ರೆ ಕಣ್ಣಿಗೆ ಬಟ್ಟೆ ಕಟ್ಕಂಡಂಗಾಯ್ತದೆ ಕಣಮ್ಮಿ. ತೇವ ಎಲ್ಲೈತೆ, ಬೇರು ಎಲ್ಲೈತೆ, ಇರುವೆ ಎಲ್ಲಿ ಗೂಡು ಕಟ್ತಾವೆ, ಎಲ್ಲಾ ಅಂಗಾಲು ಹೇಳ್ತದೆ" ಎನ್ನುತ್ತಿದ್ದರು. ನಾನು ನಕ್ಕಿದ್ದೆ. ನಗುವ ವಯಸ್ಸು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ನಾನು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಲು ಬೆಂಗಳೂರಿಗೆ ಹೋದೆ. ಕಣ್ಣಿಗೆ ಕಾಣದ್ದನ್ನು ಓದಲು ಅಷ್ಟು ದೂರ ಹೋಗಬೇಕೆ ಎಂದು ಊರಿನವರಿಗೆ ಬೇಸರ. ಅಲ್ಲಿ ಮೊದಲ ವರ್ಷವೇ ನನಗೆ ಒಂದು ವಿಷಯ ತಿಳಿಯಿತು. ಮೊದಲ ಮಳೆ ಬಿದ್ದಾಗ ಏಳುವ ಘಮ ಇದೆಯಲ್ಲ, ಅದರಲ್ಲಿ ಬಹುಪಾಲು ಮಣ್ಣಿನದಲ್ಲ. ಮಣ್ಣಿನೊಳಗೆ ಎಳೆ ಎಳೆಯಾಗಿ ಹಬ್ಬಿಕೊಂಡಿರುವ ಬ್ಯಾಕ್ಟೀರಿಯಾಗಳದ್ದು! ರಜೆಗೆ ಬಂದ ದಿನವೇ ಓಡಿಹೋಗಿ ಮಾವನಿಗೆ ಹೇಳಿದೆ. ಇಷ್ಟು ವರ್ಷ ಅವರು ಮೂಸುತ್ತಿದ್ದುದು ಮಣ್ಣನ್ನಲ್ಲ, ಜೀವಿಗಳನ್ನು ಎಂದು ತಿಳಿದು ಬೆರಗಾಗುತ್ತಾರೆಂದು ಕಾದೆ.

"ಜೀವ ಇಲ್ದಿದ್ರೆ ವಾಸನೆ ಹೆಂಗೆ ಬತ್ತದೆ?" ಎಂದರು ಅವರು. ಆಮೇಲೆ, "ಅವು ಏನು ತಿಂತಾವೆ?" ಎಂದು ಕೇಳಿದರು.

ನಮ್ಮ ತರಗತಿಯಲ್ಲಿ ಯಾರೂ ಇಷ್ಟು ಒಳ್ಳೆಯ ಪ್ರಶ್ನೆಯನ್ನು ಮೊದಲಿಗೆ ಕೇಳಿರಲಿಲ್ಲ. ನಾವೆಲ್ಲ ಕೇಳಿದ್ದು ಅದರ ಹೆಸರಿನ ಕಾಗುಣಿತ. ಉದುರಿದ ಗರಿ, ಸತ್ತ ಬೇರು, ಕೊಳೆತ ಮಟ್ಟೆ, ಯಾರಿಗೂ ಬೇಡದ್ದನ್ನು ತಿನ್ನುತ್ತವೆ ಎಂದೆ.

"ಎಷ್ಟು ಇರ್ತಾವೆ?"

"ಒಂದು ಚಿಟಿಕೇಲಿ ಲಕ್ಷಗಟ್ಟಲೆ ಮಾವ."

ಅವರು ನಿಂತಲ್ಲೇ ಒಂದು ಕಾಲನ್ನು ಮೇಲೆತ್ತಿಕೊಂಡರು. ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತು ಕೆಳಗೆ ನೋಡುತ್ತ, "ಅಷ್ಟೊಂದು ಜನದ ಮೇಲೆ ತುಳ್ಕಂಡು ತಿರುಗಿದ್ದೀನಲ್ಲಮ್ಮಿ!" ಎಂದರು. ಅತ್ತೆ ಸಂದು ಸಿಕ್ಕಿತೆಂದು, "ಇನ್ನಾರ ಚಪ್ಪಲಿ ಹಾಕ್ಕಳಿ" ಎಂದರು. ಮಾವ ಯೋಚಿಸಿ ಕಾಲು ಕೆಳಗಿಟ್ಟರು. "ಬ್ಯಾಡ ಬುಡು. ತುಳಿಯೋದೇ ಆದ್ರೆ ಬರಿಗಾಲಲ್ಲೇ ತುಳೀತೀನಿ. ಯಾರು ತುಳಿದ್ರು ಅಂತ ಅವಕ್ಕೂ ಗೊತ್ತಾಗ್ಲಿ."

ಗೊತ್ತಾಯಿತು! ಅವಕ್ಕೆ ಗೊತ್ತಾಯಿತು ಎಂದು ಈಗ ಬರೆಯಲು ನನಗೆ ಮೈ ಜುಮ್ಮೆನ್ನುತ್ತದೆ.

ಮುಂದಿನ ಬೇಸಿಗೆಗೆ ನಾನು ಬಂದಾಗ ಮಾವ ಜಗುಲಿಯ ಮೇಲೆ ಒಂದು ತೆಂಗಿನ ಚಿಪ್ಪಿಗೆ ನೀರು ಚಿಮುಕಿಸುತ್ತಿದ್ದರು. ಚಿಪ್ಪಿನ ತುಂಬ ಕೆರೆಗೋಡು. "ಏನು ಬಿತ್ತಿದ್ದೀರಿ?" ಎಂದೆ.

"ಏನು ಅಂತ ಗೊತ್ತಿಲ್ಲ. ಮೊಳೀಲಿ, ನೋಡಾನ."

"ಬೀಜ ಎಲ್ಲಿ ಸಿಕ್ತು?"

ಅವರು ತಮ್ಮ ಎಡಗಾಲನ್ನು ನನ್ನ ಕಡೆ ಚಾಚಿದರು.

ಪಾದ ಊದಿತ್ತು. ಎಷ್ಟೋ ವರ್ಷದ ಹಿಂದೆ ಜಾಲಿಮುಳ್ಳು ಚುಚ್ಚಿದ ಜಾಗವಂತೆ. ಮೊದಲು ಒಂದು ಗಂಟು, ಆಮೇಲೆ ನಾಲ್ಕು. ನೋವಿಲ್ಲ, ಜ್ವರವಿಲ್ಲ, ಆದ್ದರಿಂದ ಚಿಂತೆಯೂ ಇಲ್ಲ. ಗಂಟುಗಳ ತುದಿಯಲ್ಲಿ ಸಣ್ಣ ಸಣ್ಣ ತೂತು. ಆ ತೂತಿನಿಂದ ಒಮ್ಮೊಮ್ಮೆ ರವೆಯಂಥ ಬಿಳಿ ಕಾಳು ಬರುತ್ತಿದ್ದವು. ಯಾರಾದರೂ ಏನು ಮಾಡುತ್ತಾರೆ? ಒರೆಸಿ ಬಿಸಾಡುತ್ತಾರೆ, ಇಲ್ಲವೇ ಹೆದರಿ ಡಾಕ್ಟರ ಹತ್ತಿರ ಓಡುತ್ತಾರೆ. ನಮ್ಮ ಮಾವ ಅವನ್ನು ಬೆಂಕಿಪೊಟ್ಟಣದಲ್ಲಿ ಕೂಡಿಟ್ಟು, ಒಣಗಿಸದೆ, ಒಳ್ಳೆಯ ಗೋಡು ನೋಡಿ ಬಿತ್ತಿದ್ದರು! ಕಾಳು ಕಂಡರೆ ಬಿತ್ತುವುದು ಬಿಟ್ಟು ಬೇರೇನು ಮಾಡಬೇಕೆಂದು ಅವರಿಗೆ ತೋಚಿರಲೇ ಇಲ್ಲ.

"ಒಂದು ಮೊಳೆತೈತೆ ನೋಡು" ಎಂದು ಚಿಪ್ಪು ತೋರಿಸಿದರು. ಹಸಿರಾಗಿ ಒಂದು ಎಸಳು.

"ಅದು ಗರಿಕೆ ಕಣ್ರೀ, ಗೋಡಿನಾಗೇ ಇತ್ತು" ಎಂದು ಅತ್ತೆ ಒಳಗಿನಿಂದ ಕೂಗಿದರು.

ನಾನು ನಗಲಿಲ್ಲ. ಡೈರಿಯಲ್ಲಿ ಆ ದಿನ ಒಂದೇ ಸಾಲಿದೆ: "ಮಾವನ ಕಾಲು ಪುಸ್ತಕದ ಚಿತ್ರದಲ್ಲಿದ್ದ ಕಾಲಿನ ಹಾಗೇ ಇದೆ." ನಮ್ಮ ಪಠ್ಯಪುಸ್ತಕದಲ್ಲಿ ಒಂದು ಊದಿದ ಪಾದದ ಚಿತ್ರವಿತ್ತು. ಅದರ ಕೆಳಗೆ, ಬರಿಗಾಲಲ್ಲಿ ದುಡಿಯುವವರಿಗೆ ಮುಳ್ಳು ಚುಚ್ಚಿದಾಗ ಮಣ್ಣಿನ ಜೀವಿ ಒಳಸೇರಿ ಮಾಂಸದಲ್ಲಿ, ಮೂಳೆಯಲ್ಲಿ ನಿಧಾನವಾಗಿ ಹಬ್ಬುತ್ತದೆ ಎಂದಿತ್ತು. ಪರೀಕ್ಷೆಗೆ ಐದು ಅಂಕದ ಪ್ರಶ್ನೆ. ಆ ಐದು ಅಂಕ ಈಗ ಜಗುಲಿಯ ಮೇಲೆ ಕಾಲು ಚಾಚಿ ಕೂತಿತ್ತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರು ಕಾಲನ್ನು ಒತ್ತಿ ನೋಡಿ ವಿಷಯವನ್ನು ಸುತ್ತಿಬಳಸದೆ ಹೇಳಿದರು. ಇಂಥ ಕಾಳುಗಳನ್ನು ಎರಡು ಬಗೆಯ ಜೀವಿಗಳು ಮಾಡುತ್ತವೆ. ಒಂದು ಶಿಲೀಂಧ್ರ. ಅದಾದರೆ ಮದ್ದು ನಾಟುವುದು ಕಷ್ಟ, ಕಾಲು ತೆಗೆಯಬೇಕಾಗಬಹುದು. ಇನ್ನೊಂದು ಬ್ಯಾಕ್ಟೀರಿಯ, ಅದಾದರೆ ಮದ್ದಿದೆ. ಕಣ್ಣಿಗೆ ಎರಡೂ ಒಂದೇ ಥರ ಬೆಳ್ಳಗೆ ಕಾಣುತ್ತವೆ. ಪರೀಕ್ಷೆಯಾಗಬೇಕು.

ಮಾವ ಎಲ್ಲವನ್ನೂ ಕೇಳಿ, "ತೆಗೆದ್ರೆ ಆ ಕಾಲು ನಂಗೆ ಕೊಡ್ತೀರಾ ಸ್ವಾಮಿ?" ಎಂದರು.

"ಯಾಕಯ್ಯಾ?"

"ತೋಟಕ್ಕೆ."

ವೈದ್ಯರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ಅವರು ನಕ್ಕರೆಂದು ನನ್ನ ನೆನಪು. ನಗಲಿಲ್ಲವೆಂದು ಡೈರಿ.

ಹೊರಗಿನ ಬೆಂಚಿನ ಮೇಲೆ ಕೂತಾಗ ಮಾವ ನನ್ನ ಹತ್ತಿರ ಮಾತ್ರ ಬಾಯಿಬಿಟ್ಟರು. "ನಡೆಯಾಕೆ ಕೋಲು ಹಿಡ್ಕೋಬೋದು, ಅದಕ್ಕೇನಿಲ್ಲ. ಮಣ್ಣು ಗೊತ್ತಾಗ್ಬೇಕಲ್ಲಮ್ಮಿ. ಒಂದು ಕಾಲು ಒಣಗಿದ ಕಡೆ ಇಡ್ತೀನಿ, ಇನ್ನೊಂದು ತೇವದ ಕಡೆ ಇಡ್ತೀನಿ. ಎರಡೂ ಮಾತಾಡ್ಕಂಡು ನಂಗೆ ಹೇಳ್ತಾವೆ. ಒಂದೇ ಉಳಿದ್ರೆ ಅದು ಯಾರ ಜೊತೆ ಮಾತಾಡ್ತದೆ?" ಎಂದರು.

ಆಸ್ಪತ್ರೆಯವರು ತಮ್ಮ ಪರೀಕ್ಷೆಗೆ ಕಾಳು ತೆಗೆದುಕೊಂಡರು. ನಮ್ಮ ಪ್ರಾಧ್ಯಾಪಕರು, ಬಹಳ ಶಿಸ್ತಿನ ಮನುಷ್ಯರು, ನಮ್ಮಲ್ಲೂ ನೋಡೋಣ ಎಂದು ಒಪ್ಪಿದರು. ಹೀಗೆ ಒಂದು ಬೆಳಿಗ್ಗೆ ನಮ್ಮ ಮಾವ ತಲೆಗೆ ಟವೆಲ್ ಸುತ್ತಿ, ಕುಂಟುತ್ತ ನಮ್ಮ ಪ್ರಯೋಗಾಲಯಕ್ಕೆ ಬಂದರು. ಒಂದು ಕಾಳನ್ನು ಗಾಜಿನ ಮೇಲೆ ಅರೆದು, ಬಣ್ಣ ಹಾಕಿ, ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಎಳೆಗಳು ದಪ್ಪವಾಗಿದ್ದರೆ ಶಿಲೀಂಧ್ರ, ತೀರಾ ತೆಳುವಾಗಿದ್ದರೆ ಬ್ಯಾಕ್ಟೀರಿಯ. ಅಷ್ಟೇ ವ್ಯತ್ಯಾಸ. ಒಂದು ಎಳೆಯ ದಪ್ಪದ ಮೇಲೆ ಒಂದು ಕಾಲು ನಿಂತಿತ್ತು.

ತೆಳುವಾಗಿದ್ದವು! ನೇರಳೆ ಬಣ್ಣದ, ಕೂದಲಿಗಿಂತ ಎಷ್ಟೋ ಪಾಲು ಸಣ್ಣ ಎಳೆಗಳು ಕವಲೊಡೆದು, ಹೆಣೆದುಕೊಂಡು, ಒಂದು ಕಾಡಿನ ಹಾಗೆ ಹರಡಿದ್ದವು. ಪ್ರಾಧ್ಯಾಪಕರು ನೋಡಿ, "ಅವಸರ ಬೇಡ, ಬೆಳೆಸಿ ನೋಡಬೇಕು" ಎಂದರೂ ಅವರ ಮುಖ ಸಡಿಲವಾಯಿತು. ಮಾವ ತಾನೂ ನೋಡುತ್ತೇನೆಂದರು. ಟವೆಲ್ ತೆಗೆದು ಹೆಗಲ ಮೇಲೆ ಹಾಕಿಕೊಂಡು, ಗರ್ಭಗುಡಿಗೆ ಬಗ್ಗುವಂತೆ ಬಗ್ಗಿದರು. ಮೊದಲು ಮುಚ್ಚಬೇಕಾದ ಕಣ್ಣು ತೆರೆದು, ತೆರೆಯಬೇಕಾದ ಕಣ್ಣು ಮುಚ್ಚಿದ್ದರಿಂದ ಏನೂ ಕಾಣಲಿಲ್ಲ. ಸರಿಪಡಿಸಿದ ಮೇಲೆ ಕೊಳವೆಯಿಂದ ಕಣ್ಣು ಕೀಳಲಿಲ್ಲ.

"ಹುಲ್ಲಿನ ಬೇರು ಇದ್ದಂಗೈತೆ" ಎಂದರು ಕೊನೆಗೆ. "ಇದು ನನ್ನ ಕಾಲೊಳಗೆ ಐತಾ?"

"ಹೌದು. ಮಣ್ಣಿನಲ್ಲಿರೋದೇ. ದಾರಿ ತಪ್ಪಿ ಒಳಗೆ ಬಂದಿದೆ" ಎಂದರು ಪ್ರಾಧ್ಯಾಪಕರು. "ಇದರ ನೆಂಟರು ಎಷ್ಟೋ ಜನ ನಮ್ಮೆಲ್ಲರ ಚರ್ಮದ ಮೇಲೆ, ಬಾಯೊಳಗೆ, ಸುಮ್ಮನೆ ಬಾಳಿಕೊಂಡಿದ್ದಾರೆ. ತೊಂದರೆ ಕೊಡೋದು ಯಾವಾಗಲೋ ಒಮ್ಮೆ."

"ಅಂದ್ರೆ ನಾನೂ ಒಂದು ತೋಟ" ಎಂದರು ಮಾವ. "ನಿಮ್ಮಂಥೋರು ಬಂದು ಗೋಡು ಹೊಡೆಯೋದೊಂದು ಬಾಕಿ."

ಪ್ರಾಧ್ಯಾಪಕರು ನಕ್ಕಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಇದಕ್ಕೆ ಡೈರಿಯ ಸಾಕ್ಷಿ ಇದೆ.

ಅದೇ ದಿನ ಇನ್ನೊಂದು ಘಟನೆ ನಡೆಯಿತು. ನಮ್ಮೂರಿನ ಮೂರು ಕಡೆಯ ಮಣ್ಣಿನಿಂದ ಜೀವಿಗಳನ್ನು ಬೇರ್ಪಡಿಸಿ ನಾನು ಗಾಜಿನ ತಟ್ಟೆಗಳಲ್ಲಿ ಬೆಳೆಸಿದ್ದೆ: ಕೆರೆಯಂಗಳ, ಮಾವನ ಪಡುವಲ ತೋಟ, ರಾಗಿ ಹೊಲ. ಸುಣ್ಣದ ಪುಡಿ ಉದುರಿಸಿದಂಥ ಬಿಳಿ, ಬೂದು ಚುಕ್ಕೆಗಳು. ಕಾಲಿನ ಕಾಳಿನ ತಟ್ಟೆಗಳನ್ನು ಮೂಸುವಂತಿಲ್ಲವೆಂದು ಪ್ರಾಧ್ಯಾಪಕರು ಮಾವನಿಗೆ ಗದರಿಸಿಯೇ ಹೇಳಿದ್ದರು. ಮಣ್ಣಿನ ತಟ್ಟೆಗಳನ್ನಾದರೂ ಕೊಡಿ ಎಂದು ಇವರು ಗೋಗರೆದರು. ನಾನು ಚೀಟಿ ಕಾಣದ ಹಾಗೆ ಹಿಡಿದು ಮುಚ್ಚಳ ತುಸುವೇ ಓರೆ ಮಾಡಿದೆ. ಯೋಚಿಸಿ ನೋಡಿ! ಆ ತಟ್ಟೆಗಳಲ್ಲಿ ಒಂದು ಕಣ ಮಣ್ಣಿರಲಿಲ್ಲ. ಸಕ್ಕರೆ, ಉಪ್ಪು, ಕಡಲಪಾಚಿಯಿಂದ ತೆಗೆದ ಅಂಟು, ಅದರ ಮೇಲೆ ಆ ಜೀವಿಗಳು ಮಾತ್ರ.

"ಇದು ಕೆರೆ" ಎಂದರು. ಸರಿ! "ಇದು ನಮ್ಮ ಪಡುವಲ ತೋಟ." ಸರಿ! ಪ್ರಾಧ್ಯಾಪಕರು ತಾವೂ ಮೂಸಿ ನೋಡಿದರು. ಅವರಿಗೆ ಎಲ್ಲವೂ ಬರೀ ಮಣ್ಣಿನ ವಾಸನೆ.

ಮೂರನೆಯದೂ ಸರಿಯಾಯಿತೆಂದು ನಾನು ವರ್ಷಗಟ್ಟಲೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಇದನ್ನು ಬರೆಯಲು ಡೈರಿ ತೆರೆದರೆ ಬೇರೆಯೇ ಇದೆ. ಮೂರನೆಯದನ್ನು ಅವರು ರಾಗಿ ಹೊಲವೆನ್ನಲಿಲ್ಲ, "ಇದು ನಮ್ಮೂರದೇ ಅಲ್ಲ" ಎಂದರು. ನಾನು ಚೀಟಿ ತೋರಿಸಿದೆ.

"ಚೀಟಿ ಬರೆದೋರು ಯಾರು?"

"ನಾನೇ ಮಾವ."

"ಹಂಗಾರೆ ಚೀಟಿ ತಪ್ಪು."

ಆ ವಾರ ಒಂದೇ ಬೆಂಚಿನಲ್ಲಿ ಐದು ಜನ ತಟ್ಟೆಗಳನ್ನಿಟ್ಟಿದ್ದೆವು. ನನ್ನ ಚೀಟಿಯೇ ಸರಿ ಎಂದು ಅಂದು ವಾದಿಸಿದೆ. ಇಂದು ವಾದಿಸುವ ಧೈರ್ಯವಿಲ್ಲ.

ಎರಡು ವಾರ ಕಳೆದ ಮೇಲೆ ಕಾಳಿನ ತಟ್ಟೆಯಲ್ಲೂ ಚುಕ್ಕೆಗಳು ಎದ್ದವು. ಅವರು ಚಿಪ್ಪಿನಲ್ಲಿ ಬಿತ್ತಿದ್ದನ್ನೇ ನಾನು ಗಾಜಿನಲ್ಲಿ ಬಿತ್ತಿದ್ದೆ, ಅಷ್ಟೆ! ಕಾಳು ಕಂಡು ಇದು ಜೀವವಿರುವ ವಸ್ತು, ಬಿತ್ತಿದರೆ ಬೆಳೆಯುತ್ತದೆ ಎಂದು ಯಾವ ಪುಸ್ತಕವನ್ನೂ ಓದದೆ ತಿಳಿದುಕೊಂಡ ಆ ಮನುಷ್ಯನನ್ನು ನೋಡಿ ಮನೆಯವರೆಲ್ಲ ನಕ್ಕಿದ್ದರಲ್ಲ, ನಗಬೇಕಾಗಿದ್ದುದು ಯಾರು? ಆಸ್ಪತ್ರೆಯ ಉತ್ತರವೂ ಅದೇ ಬಂತು. ಬ್ಯಾಕ್ಟೀರಿಯ. ಕಾಲು ತೆಗೆಯಬೇಕಾಗಿಲ್ಲ, ಮದ್ದು ನಾಟಿದರೆ.

ಮದ್ದೆಂದರೆ ದಿನಾ ಒಂದು ಇಂಜೆಕ್ಷನ್, ಜೊತೆಗೆ ಮಾತ್ರೆ, ತಿಂಗಳುಗಟ್ಟಲೆ. ಇಂಜೆಕ್ಷನ್ನಿನ ಹೆಸರು ಸ್ಟ್ರೆಪ್ಟೊಮೈಸಿನ್. ಅದನ್ನು ಮೊದಲು ಕೊಟ್ಟಿದ್ದೂ ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯವೇ, ಮಳೆಯ ಘಮ ಹುಟ್ಟಿಸುವ ಅದೇ ಕುಲದ್ದು. ಕಾಲು ತಿನ್ನುತ್ತಿರುವವರೂ ಉಳಿಸಲು ಬಂದವರೂ ದೂರದ ದಾಯಾದಿಗಳು. ಇದನ್ನು ಹೇಳುವಾಗ ನನಗೇ ರೋಮಾಂಚನವಾಗಿತ್ತು. ಮಾವ ಔಷಧಿಯ ಸೀಸೆಯನ್ನು ತೆಗೆದುಕೊಂಡು ಮೂಗಿಗೆ ಹಿಡಿದರು. ಮುಖ ಸಣ್ಣದಾಯಿತು.

"ಏನೂ ವಾಸನೆ ಇಲ್ವಲ್ಲಮ್ಮಿ. ಒಳ್ಳೇ ಮಣ್ಣನ್ನ ತೊಳೆದೂ ತೊಳೆದೂ ಕೆಡಿಸಿಬುಟ್ಟವ್ರೆ."

ಹೊರಡುವಾಗ ವೈದ್ಯರು ಒಂದು ಎಚ್ಚರಿಕೆ ಕೊಟ್ಟರು. ಈ ಮದ್ದು ಕೆಲವರ ಕಿವಿಗೆ ಪೆಟ್ಟು ಕೊಡುತ್ತದೆ. ಕಿವಿಯಲ್ಲಿ ಗುಂಯ್‌ಗುಟ್ಟಿದರೆ, ತಲೆ ತಿರುಗಿದರೆ, ತಕ್ಷಣ ನಿಲ್ಲಿಸಿ ಬರಬೇಕು. ನಾನು ಅದನ್ನು ದಪ್ಪಕ್ಷರದಲ್ಲಿ ಬರೆದು ಊರಿನ ಮನೆಯ ಬಾಗಿಲಿಗೆ ಅಂಟಿಸಿ ಬಂದೆ. ವಾರಕ್ಕೊಂದು ಕಾರ್ಡು ಬರೆಯಬೇಕೆಂದು ಮಾತು ತೆಗೆದುಕೊಂಡೆ.

ಕಾರ್ಡುಗಳು ತಪ್ಪದೆ ಬಂದವು. ದಬ್ಬೇಘಟ್ಟದ ಕಾಂಪೌಂಡರು ಸೂಜಿ ಚುಚ್ಚುತ್ತಾರೆ. ಮಾವ ಅವರ ಹಿತ್ತಲಿನ ಮಣ್ಣು ನೋಡಿ ನಿಂಬೆಗಿಡ ಕೀಳಿಸಿ ಬೇರೆ ಕಡೆ ನೆಡಿಸಿದ್ದಾರೆ. ಒಂದು ತೂತು ಮುಚ್ಚಿತು. ಎರಡು ಮುಚ್ಚಿದವು. ಕೊನೆಯಲ್ಲಿ ಯಾವಾಗಲೂ, "ಕಿವಿ ಚೆನ್ನಾಗಿ ಕೇಳುತ್ತಿದೆ." ಬರುಬರುತ್ತ ಈ ಸಾಲು ಉದ್ದವಾಯಿತು. "ಕಿವಿ ಬಹಳ ಚೆನ್ನಾಗಿ ಕೇಳುತ್ತಿದೆ. ನಿನ್ನೆ ಬೇಲಿಯಾಚೆ ಕೋಗಿಲೆ ಕೂಗಿದ್ದು ಕೇಳಿಸಿತು. ಇವತ್ತು ನಿಮ್ಮತ್ತೆ ಬೈದಿದ್ದು ಒಂದಕ್ಷರ ಬಿಡದೆ ಕೇಳಿಸಿತು." ಹಾಸ್ಟೆಲ್ಲಿನಲ್ಲಿ ಗೆಳತಿಯರಿಗೆ ಓದಿ ಹೇಳಿ ನಕ್ಕೆವು. ಕಿವಿ ಸರಿಯಿರುವವನು ಅದನ್ನು ಅಷ್ಟು ವಿವರವಾಗಿ ಏಕೆ ಬರೆಯುತ್ತಾನೆ ಎಂದು ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆಯುವುದು ನನಗೇ ಬೇಡವಾಗಿತ್ತೋ? ಕಾಲು ಉಳಿಯುತ್ತಿತ್ತು. ಕಾರ್ಡುಗಳನ್ನು ನಂಬಲು ನನಗೆ ಅದೊಂದೇ ಸಾಕಾಗಿತ್ತು.

ಕೊನೆಯ ಇಂಜೆಕ್ಷನ್ ಮುಗಿದ ಮೇಲೆ ಊರಿಗೆ ಹೋದೆ. ಅಟ್ಟದ ಮೇಲೆ ವರ್ಷವಿಡೀ ಒಣಗಿದ ತೆಂಗಿನಕಾಯಿಗಳನ್ನು ಇಳಿಸಿದ್ದರು. ಗಂಡ ಹೆಂಡತಿ ಪಡಸಾಲೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಪಕ್ಕಪಕ್ಕ ಕೂತಿದ್ದರು. ಉಂಡೆ ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ತಿಳಿಯಲು ಕಾಯಿಯನ್ನು ಒಡೆಯುವಂತಿಲ್ಲ. ಕಿವಿಯ ಹತ್ತಿರ ಹಿಡಿದು ಕುಲುಕಬೇಕು. ಕುಳುಕ್ ಎಂದರೆ ಇನ್ನೂ ನೀರಿದೆ, ಅಟ್ಟಕ್ಕೆ ವಾಪಸ್ಸು. ಲೊಡಲೊಡ ಎಂದರೆ ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆ, ಸುಲಿಯಬಹುದು.

ಮಾವನ ಎಡಪಾದ ನನಗೆ ಕಾಣುತ್ತಿತ್ತು. ತೆಳ್ಳಗೆ, ಕಲೆ ಕಲೆಯಾಗಿ, ಇಡಿಯಾಗಿ ನೆಲಕ್ಕೆ ಊರಿತ್ತು. ನನಗೆ ಕುಣಿಯುವಷ್ಟು ಖುಷಿಯಾಗಿ "ಮಾವಾ" ಎಂದು ಕೂಗಿದೆ.

ಅತ್ತೆ ತಡಿ ಎಂಬಂತೆ ಹಿಂದಕ್ಕೆ ಕೈಯೆತ್ತಿದರು, ಮಾವ ತಿರುಗಲಿಲ್ಲ. ಕಾಯಿಯೊಂದನ್ನು ಕಿವಿಗೆ ಹಿಡಿದು, ಕುಲುಕಿ, ಕಾಯುತ್ತಿದ್ದರು. ಅತ್ತೆ ತಲೆಯನ್ನು ಅವರ ಕಡೆಗೆ ವಾಲಿಸಿ ಕೇಳಿಸಿಕೊಂಡು, ಅವರ ಮಂಡಿಯ ಮೇಲೆ ಬೆರಳಿನಿಂದ ಒಂದು ಸಲ ತಟ್ಟಿದರು. ಮಾವ ಕಾಯಿಯನ್ನು ಎಡಗಡೆ ಹಾಕಿದರು. ಮುಂದಿನದು. ಎರಡು ಸಲ ತಟ್ಟಿದರು. ಅದು ಬಲಗಡೆಗೆ ಹೋಯಿತು.

ಅದು ಮುಗಿದ ಮೇಲೆ ಅತ್ತೆ ಎದ್ದು ಬಂದರು.

"ಯಾವಾಗಿಂದ ಅತ್ತೆ?"

"ಎರಡು ತಿಂಗಳಾಯ್ತು ಕಣೇ. ಕಿವೀಲಿ ಜೀರುಂಡೆ ಕೂಗ್ತದೆ ಅಂದ್ರು. ನಿಲ್ಲಿಸಿ ಅಂತ ಕಣ್ಣೀರು ಹಾಕ್ದೆ ನಾನು. ಇನ್ನೊಂದು ತೂತು ಮುಚ್ಬೇಕು, ಸುಮ್ಕಿರು ಅಂದ್ರು."

"ನೀವು ಬೈದಿದ್ದು ಒಂದಕ್ಷರ ಬಿಡದೆ ಕೇಳ್ತು ಅಂತ ಬರೆದಿದ್ರಲ್ಲ!"

"ಕೇಳೋದೇನು ಬಂತು, ತುಟಿ ನೋಡಿ ಬರಕಂಡ್ರು. ಮೂವತ್ತು ವರ್ಷದಿಂದ ಅದೇ ಬೈಗುಳ ಅಲ್ವೇನೆ" ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

ನಾನು ಹೋಗಿ ಮಾವನ ಎದುರಿಗೆ ಕೂತೆ. ಬಾಗಿಲ ಮೇಲಿನ ಚೀಟಿಯ ಕಡೆ ಕೈ ತೋರಿಸಿದೆ. ಮಾತಾಡಿದ್ದರೂ ಅವರಿಗೆ ಕೇಳುತ್ತಿರಲಿಲ್ಲ. ಅವರು ಚೀಟಿ ನೋಡಿದರು, ನನ್ನ ಮುಖ ನೋಡಿದರು, ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿದರು. ಆಮೇಲೆ ಅಳತೆ ಸಿಕ್ಕದ ದೊಡ್ಡ ಗಂಟಲಿನಲ್ಲಿ, ಬೀದಿಗೆಲ್ಲ ಕೇಳುವಂತೆ, ಗುಟ್ಟು ಹೇಳಿದರು:

"ಕಿವಿಗಾದ್ರೆ ನಿಮ್ಮತ್ತೆ ಅವಳೆ ಕಣಮ್ಮಿ. ಕಾಲಿಗೆ ಯಾರವ್ರೆ?"

ಅತ್ತೆ ಬಂದು ಪಕ್ಕದಲ್ಲಿ ಕೂತರು. ಮಾವ ಇನ್ನೊಂದು ಕಾಯಿ ಎತ್ತಿಕೊಂಡು, ಈ ಸಲ ತಮ್ಮ ಕಿವಿಗಲ್ಲ, ನೆಟ್ಟಗೆ ಅತ್ತೆಯ ಕಿವಿಗೆ ಹಿಡಿದು, ಮೆಲ್ಲಗೆ ಕುಲುಕಿ, ಅವರ ಮುಖವನ್ನೇ ನೋಡುತ್ತ ಕೂತರು.